ಅಲ್ವಾ

ಅರಸೀಕೆರೆಯ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ
ಕೇರಂ ಬೋರ್ಡುಗಳನ್ನು ಗೋಡೆಗೊರಗಿಸಿ
ಎಪ್ಪತ್ತೆರಡು ಕುರ್ಚಿ ಹಾಕಿಸಿದೆ.
ಬಂದವರು ಅರುವತ್ತೊಂದು.
ಕೊಬ್ಬರಿ ಟೆಂಡರ್ ಇದ್ದ ದಿನ ಉಳಿದವರು ಬರುವುದಿಲ್ಲ.

ಏಳು ಕವಿತೆ, ನಾಲ್ಕು ದನಿ, ಮುಕ್ಕಾಲು ಗಂಟೆ.
ಬರೆದವರೆಲ್ಲ ಬದುಕಿದ್ದಾರೆ, ಅದೇ ತೊಂದರೆ.
ಸತ್ತ ಕವಿ ಫೋನು ಮಾಡಿ
ನನ್ನ ಅಲ್ಪವಿರಾಮ ಎಲ್ಲಿ ಹೋಯಿತು ಮಿಸ್
ಎಂದು ಕೇಳುವುದಿಲ್ಲ.

ಗಾರ್ಡಾಗಿದ್ದ ಅಪ್ಪ ಕಲಿಸಿದ್ದು
ಐದು ಗೆರೆಯ ಮೇಲೆ ಕಾಳಿನಂತೆ ಸ್ವರ ಕೂರಿಸುವುದನ್ನು,
ಚರ್ಚಿನ ಆರ್ಗನ್ನಿನ ಪೆಡಲಿಗೆ
ನನ್ನ ಕಾಲು ಎಟುಕದ ವಯಸ್ಸಿನಲ್ಲಿ.
ಆ ಗೆರೆಗಳಲ್ಲಿ ಕನ್ನಡ ಸುಲಭಕ್ಕೆ ಕೂರುವುದಿಲ್ಲ.
ಒತ್ತಕ್ಷರ ಬಂದಲ್ಲೆಲ್ಲ ಅನ್ನದೊಳಗಿನ ಕಲ್ಲು.
ನಿಟ್ಟುಸಿರು ಎನ್ನುವಾಗ ಟ್ಟುವಿನ ಬಳಿ
ಎಲ್ಲರ ಉಸಿರೂ ನಿಲ್ಲುತ್ತದೆ.

ಮೂರನೆಯ ಕವಿತೆಯ ಹಗಲು
ಕಾನ್ವೆಂಟಿನ ಹುಡುಗಿಯರ ಬಾಯಲ್ಲಿ ಹಗಲಾಗಿಯೇ ಏರಿತು.
ಹಿಂದಿನ ಸಾಲಿನ ಟ್ರ್ಯಾಕ್‌ಮನ್ ಕೆಂಚಪ್ಪ,
ಬಸ್ ಡಿಪೋದ ಬೋರಲಿಂಗ, ಪಾಯಿಂಟ್ಸ್‌ಮನ್ ಅನ್ವರ್ ಪಾಷಾ
ಮೂವರೂ ಸೇರಿ ಅದನ್ನು ಅಗಲು ಮಾಡಿಬಿಟ್ಟರು.
ತಿದ್ದಿದೆ. ಮೂರು ವಾರ ತಿದ್ದಿದೆ.
ಕನ್ನಡಿಗೆ ಉಸಿರು ಬಿಟ್ಟ ಹಾಗೆ, ಹ ಅನ್ನಿ, ಹ.
ಅ, ಅಂದರು ಸಂಕೋಚದಿಂದ.
ಕೊನೆಗೆ ಹಾಳೆಯಲ್ಲೇ ಬರೆದುಕೊಂಡೆ:
ಮೇಲೆ ಹಗಲು, ಕೆಳಗೆ ಅಗಲು.
ಕವಿಗೆ ಇನ್ನೂ ತಿಳಿಸಿಲ್ಲ.

ಏಳನೆಯದು ಉಮೈರಾಳದು.
ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿ, ಇಪ್ಪತ್ತಾರರ ಹುಡುಗಿ,
ಹಾಳಾದ ಪ್ರತಿಗಳ ಬೆನ್ನಿಗೆ ಬರೆಯುತ್ತಾಳೆ.
ಹನ್ನೊಂದೇ ಸಾಲು. ನನ್ನ ಕೈ ನಿಂತದ್ದು ಇಲ್ಲಿ:

    ಬಾಗಿಲು ತಟ್ಟಿದ್ದು ನೀನೇ ಅಲ್ವಾ?
    ತೆರೆದರೆ ಗಾಳಿ.
    ಗಾಳಿಗೆ ಯಾರು ಕೊಟ್ಟರು ನಿನ್ನ ಚಪ್ಪಲಿ ಸದ್ದು?

ಅಲ್ವಾ. ಎರಡೇ ಅಕ್ಷರ.
ಅಡುಗೆಮನೆಯಿಂದ ನಡುಮನೆಗೆ ಮುಟ್ಟಿದರೆ ಸಾಕಾದ ಮಾತು.
ಅರುವತ್ತೊಂದು ಜನ ಒಟ್ಟಿಗೆ ಅಂದಾಗ
ತಾಲ್ಲೂಕು ಆಫೀಸಿನ ಮುಂದಿನ ಧಿಕ್ಕಾರವಾಯಿತು.
ಮೆಲ್ಲಗೆ ಅನ್ನಿಸಿದೆ, ಪ್ರಾರ್ಥನೆಯಾಯಿತು.
ಒಬ್ಬಳಿಗೇ ಕೊಟ್ಟು ನೋಡಿದೆ, ನರ್ಸ್ ಸುಗುಣಮಣಿಗೆ.
ಬಹಳ ಚೆನ್ನಾಗಿ ಹಾಡಿದಳು, ಅದರಿಂದಲೇ ಕೆಟ್ಟಿತು.
ಪ್ರಶ್ನೆ ಮಾತ್ರ ಆಗಲಿಲ್ಲ.

ರಾತ್ರಿ ಹಾರ್ಮೋನಿಯಂ ಮುಚ್ಚಿ
ಅಳಿಸಿದ್ದನ್ನೇ ಮತ್ತೆ ಅಳಿಸುತ್ತ ಕೂತೆ,
ಕಾಗದ ತೂತಾಗುವವರೆಗೆ.
ಜಂಕ್ಷನ್ನಿನ ಹೆಣ್ಣುದನಿ ಮೂರು ಭಾಷೆಯಲ್ಲಿ
ತಡವಾದ ಗಾಡಿಗೆ ವಿಷಾದ ಹೇಳುತ್ತಿತ್ತು,
ವಿಷಾದವಿಲ್ಲದೆ.

ಗುರುವಾರ, ಏಳನೆಯದರ ನಟ್ಟನಡುವೆ,
ಹುಬ್ಬಳ್ಳಿ ಕಡೆಯ ಗೂಡ್ಸು ಬಂತು. ಐವತ್ತೆಂಟು ಡಬ್ಬಿ.
ಕಿಟಕಿ ಗಾಜು ನಡುಗಿ ನನ್ನ ಕೈಯ ತಾಳ ಯಾರಿಗೂ ದಕ್ಕದೆ
ಸಾಲು ಸಾಲೇ ದಾರಿ ತಪ್ಪಿತು.
ಕೊನೆಯ ಡಬ್ಬಿ ದಾಟಿದ ಮೇಲೆ ಕೇಳಿಸಿತು:
ಇಲ್ಲೇ ಅಲ್ವಾ?
ಎರಡನೇ ಪುಟ ಅಲ್ವಾ ಕಣಕ್ಕ?
ನಾವು ಆಗಲೇ ಹಾಡಿದ್ವಿ, ಅಲ್ವಾ?
ಪಕ್ಕದವರ ಕಡೆ ತಿರುಗಿ, ಹಾಳೆಯ ಮೇಲೆ ಬೆರಳಿಟ್ಟು,
ಒಬ್ಬೊಬ್ಬರದು ಒಂದೊಂದು ಎತ್ತರ,
ಯಾರದೂ ಹಾಡಲ್ಲ.

ಎಲ್ಲರೂ ಹಾಗೇ ಇರಿ, ಅಂತ ಕೂಗಿದೆ.
ಹೆದರಿ ಸುಮ್ಮನಾದರು.

ಈಗ ಆ ಜಾಗದಲ್ಲಿ ಸ್ವರವಿಲ್ಲ, ತಾಳವಿಲ್ಲ.
ಪಕ್ಕದವರಿಗೆ ಏನಾದರೂ ಕೇಳಿ,
ನಿಜವಾಗಿ ಗೊತ್ತಿಲ್ಲದ್ದನ್ನು,
ಎಂದಷ್ಟೇ ಬರೆದಿದೆ.

ಉಮೈರಾ ಬಂದಿದ್ದಳು, ನಿನ್ನೆ.
ಸ್ಟೂಲಿನ ತುದಿಯಲ್ಲಿ ಕೂತು, ಅಂಗಡಿಯ ಬೀಗ ಕೈಯಲ್ಲೇ ಹಿಡಿದು
ಮುಗಿಯುವವರೆಗೂ ಕೇಳಿದಳು.
ಅಲ್ಲಿ ಏನು ಕೇಳಿಕೊಂಡ್ರಿ ನೀವೆಲ್ಲ, ಅಂದಳು.
ನಾಳೆ ರಜಾ ಅಲ್ವಾ ಅಂತ ಕೇಳ್ದೆ, ಅಂದ ಕೆಂಚಪ್ಪ,
ತಪ್ಪು ಒಪ್ಪಿಕೊಳ್ಳುವವನ ಹಾಗೆ.
ಅವಳು ನಕ್ಕಳು.
ಖಾಲಾನೂ ಅಂಥದ್ದೇ ಕೇಳ್ತಿದ್ದಳು, ಕೊನೆಯ ವಾರ ಪೂರ್ತಿ:
ಗ್ಯಾಸ್ ಆಫ್ ಮಾಡಿದೀಯ ಅಲ್ವಾ, ಹಾಲಿನವನಿಗೆ ಕೊಟ್ಟೆ ಅಲ್ವಾ.

ಹೊರಡುವಾಗ ಬಾಗಿಲಲ್ಲಿ ನಿಂತಳು.
ತೆರೆದರೆ ಗಾಳಿ, ಅಲ್ಲಿ ಪೂರ್ಣವಿರಾಮ ಇತ್ತು ಮಿಸ್.
ಉಸಿರು ತಗೊಳ್ಳೋಕಲ್ಲ,
ಬಾಗಿಲು ಹಾಕೋಕೆ.

ಪೆನ್ಸಿಲ್ ಹುಡುಕಿದೆ.
ಅದು ಕೆಂಚಪ್ಪನ ಕಿವಿಯ ಮೇಲಿತ್ತು.